ಎಡಮೂಲೆಯ ಎಕ್ಕೆ ಗಿಡ

ಕಮಲಾಪುರ
4 ಸೆಪ್ಟೆಂಬರ್ 1988

ಅಪ್ಪಾ, ಜೈಭೀಮ್.

ಮೂರು ಕಾರ್ಡು ಹಾಕಿದರೂ ನಿನ್ನಿಂದ ಉತ್ತರವಿಲ್ಲ. ಸೂಪರ್ ಮಾರ್ಕೆಟ್ಟಿನ ಅಷ್ಟೂ ಅಂಗಡಿಗಳ ಬೋರ್ಡು ಬರೆಯಲು ನಿನಗೆ ಪುರಸೊತ್ತಿದೆ, ಹೆತ್ತ ಮಗಳಿಗೆ ನಾಲ್ಕು ಸಾಲು ಬರೆಯಲು ಇಲ್ಲ. ಇರಲಿ. ಜಗಳ ತೆಗೆಯಲು ಬರೆಯುತ್ತಿಲ್ಲ. ಕೆಲಸ ಬಿದ್ದಿದೆ ಎಂದು ಬರೆಯುತ್ತಿದ್ದೇನೆ.

ಜನವರಿಯಲ್ಲಿ ನಮ್ಮ ಹೆಣ್ಣುಮಕ್ಕಳ ಶಾಲೆಯ ವಾರ್ಷಿಕ ಗ್ಯಾದರಿಂಗ್. ಈ ಸಲ ನಾನು ಹುಡುಗಿಯರಿಂದ ಬ್ಯಾಲೆ ಮಾಡಿಸುತ್ತೇನೆ. ಬ್ಯಾಲೆ ಅಂದರೆ ಮಾತಿಲ್ಲದೆ, ಬರೀ ಕುಣಿತದಲ್ಲೇ ಕಥೆ ಹೇಳುವ ನಾಟಕ. ಪಕ್ಕದ ಅಕ್ಬರಿ ಬೇಗಂ ಮನೆಯ ಟೀವಿಯಲ್ಲಿ ರಷ್ಯಾದವರು ಆಡಿದ್ದನ್ನು ನೋಡಿದೆ. ಆಮೇಲೆ ಹೈದರಾಬಾದಿಗೆ ಹೋದಾಗ ಆಬಿಡ್ಸ್ ಫುಟ್‌ಪಾತಿನಲ್ಲಿ ಅದರದೇ ಚಿತ್ರಗಳಿರುವ ಹಳೇ ಪುಸ್ತಕವೂ ಸಿಕ್ಕಿತು. ಸುಮಾರು ನೂರೈವತ್ತು ವರ್ಷದ ಹಿಂದೆ ಪ್ಯಾರಿಸ್ಸಿನಲ್ಲಿ ಕಟ್ಟಿದ ಆಟವಂತೆ. ಪ್ಯಾರಿಸ್ಸಿನವರಿಗೆ ಬೇಸರ ಬಂದು ಬಿಟ್ಟುಬಿಟ್ಟರು, ರಷ್ಯಾದವರು ಜೋಪಾನ ಮಾಡಿ ಇಟ್ಟುಕೊಂಡು, ಎಷ್ಟೋ ವರ್ಷದ ಮೇಲೆ ಪ್ಯಾರಿಸ್ಸಿಗೇ ಒಯ್ದು ತೋರಿಸಿದರು.

ಕಥೆ ಕೇಳು. ಹಳ್ಳಿ ಹುಡುಗಿಯೊಬ್ಬಳಿಗೆ ಕುಣಿತವೆಂದರೆ ಜೀವ. ದೊಡ್ಡಮನೆತನದ ಹುಡುಗನೊಬ್ಬ ರೈತನ ವೇಷ ಹಾಕಿ ಆಕೆಯ ಹಿಂದೆ ಬೀಳುತ್ತಾನೆ. ಅವನಿಗೆ ಬೇರೆ ಕಡೆ ಹೆಣ್ಣು ಗೊತ್ತಾಗಿದೆ ಎಂದು ತಿಳಿದಾಗ ಹುಡುಗಿ ಎದೆಯೊಡೆದು ಸಾಯುತ್ತಾಳೆ. ಎರಡನೆಯ ಅಂಕ ಕಾಡಿನಲ್ಲಿ, ಗೋರಿಗಳ ನಡುವೆ. ಮದುವೆಗೆ ಮೊದಲೇ ಸತ್ತ ಹುಡುಗಿಯರೆಲ್ಲ ಬಿಳಿ ಬಟ್ಟೆಯಲ್ಲಿ ಎದ್ದುಬಂದು ಕುಣಿಯುತ್ತಾರೆ. ಕೈಗೆ ಸಿಕ್ಕ ಗಂಡಸನ್ನು ಸಾಯುವ ತನಕ ಕುಣಿಸುತ್ತಾರೆ. ಗೋರಿಗೆ ಹೂವು ತಂದ ಆ ಹುಡುಗನನ್ನೂ ಹಿಡಿಯುತ್ತಾರೆ. ಆದರೆ ಈ ಹುಡುಗಿ ಬೆಳಗಾಗುವ ತನಕ ತಾನೇ ಅವನ ಜೊತೆ ಕುಣಿದು ಅವನನ್ನು ಉಳಿಸುತ್ತಾಳೆ.

ಈ ಎರಡನೆಯ ಅಂಕಕ್ಕೆ ನನಗೊಂದು ಪರದೆ ಬೇಕು. ಬೆಳದಿಂಗಳು, ಕಾಡು, ಮಂಜು. ನಾಟಕ ಕಂಪನಿಗಳಿಗೆ ಜೀವಮಾನವಿಡೀ ಪರದೆ ಬರೆದವನು ನೀನು. ಇನ್ನು ಯಾರನ್ನು ಕೇಳಲಿ?

ನಿನ್ನ ಮಗಳು,
ಶಿವಕಾಂತಮ್ಮ


ಕಲಬುರ್ಗಿ
15 ಸೆಪ್ಟೆಂಬರ್ 1988

ಶ್ರೀಮತಿ ಅಲ್ಲದ ಟೀಚರಮ್ಮನವರಿಗೆ ತಂದೆಯ ಆಶೀರ್ವಾದ.

ನಿನ್ನ ಪತ್ರ ಓದಿ ತಲೆ ಗಿರ್ ಎಂದಿತು. ಒಂದು ಲೋಟ ನೀರು ಕುಡಿದು ಮತ್ತೊಮ್ಮೆ ಓದಿದೆ, ಮತ್ತೂ ಗಿರ್ ಎಂದಿತು.

ಕಾಡಿನ ಪರದೆ ಬೇಕಾದರೆ ಒಂದು ಇದೆ, ಒಯ್ಯಿ. ಎಡಕ್ಕೆ ಜಲಪಾತ, ಬಲಕ್ಕೆ ಹುಲಿ, ನಡುವೆ ಜಿಂಕೆ ನೀರು ಕುಡಿಯುತ್ತದೆ. ಇಷ್ಟು ವರ್ಷದಲ್ಲಿ ಆ ಹುಲಿ ಜಿಂಕೆಯ ತಂಟೆಗೆ ಹೋಗಿಲ್ಲ, ಯಾವ ಊರಿನವರೂ ತಕರಾರು ಮಾಡಿಲ್ಲ. ಸತ್ಯವಾನ ಸತ್ತಿದ್ದು ಅದರ ಮುಂದೆಯೇ, ಶಕುಂತಲೆ ಗಿಡಕ್ಕೆ ನೀರು ಹಾಕಿದ್ದು ಅದರ ಮುಂದೆಯೇ. ನಿನ್ನ ಪ್ಯಾರಿಸ್ಸಿನ ಹುಡುಗಿಗೆ ಮಾತ್ರ ಅದು ಸಾಲುವುದಿಲ್ಲವೇ?

ಇನ್ನು ಕಥೆಯ ಮಾತು. ನಿನಗೆ ಇಪ್ಪತ್ತೆಂಟು ತುಂಬಿತು. ನಾನು ಕಂಡ ಗಂಡುಗಳನ್ನೆಲ್ಲ ಮೂಗು ಮುರಿದು ಕಳಿಸಿದಿ. ಈಗ ಮದುವೆಯಾಗದ ನೀನು ಮದುವೆಯಾಗದೆ ಸತ್ತವರ ದೆವ್ವಗಳನ್ನು ಊರ ಮುಂದೆ ಕುಣಿಸುತ್ತಿ. ಗಂಡಸರು ಸಿಕ್ಕರೆ ಕುಣಿಸಿ ಕೊಲ್ಲುತ್ತವಂತೆ. ಭೇಷ್! ಕಮಲಾಪುರದ ಕೆಂಪು ಬಾಳೆಹಣ್ಣು ಕಟ್ಟಿಕೊಂಡು ಯಾವ ವರ ನಿನ್ನ ಬಾಗಿಲಿಗೆ ಬರುತ್ತಾನೆ ಹೇಳು.

ಒಂದು ಮಾತು ಕೇಳುತ್ತೇನೆ, ಪುಸ್ತಕ ಓದಿದವಳು ಉತ್ತರ ಕೊಡು. ಆ ದೇಶದಲ್ಲಿ ಎಕ್ಕೆ ಗಿಡ ಇರಲಿಲ್ಲವೇನು? ನಮ್ಮಲ್ಲಿ ಲಗ್ನವಿಲ್ಲದೆ ಕೂಸು ತೀರಿಕೊಂಡರೆ, ಮಣ್ಣು ಕೊಡುವ ಮೊದಲು ಎಕ್ಕೆ ಗಿಡದ ಜೊತೆ ತಾಳಿ ಕಟ್ಟಿಸಿ ನಾಲ್ಕು ಅಕ್ಕಿಕಾಳು ಹಾಕುತ್ತಾರೆ. ಅಲೆಯದೆ ತಣ್ಣಗೆ ಮಲಗಲಿ ಎಂದು. ಅವರೂ ಹಾಗೇ ಮಾಡಿದ್ದರೆ ಎರಡನೆಯ ಅಂಕವೇ ಬೇಕಾಗುತ್ತಿರಲಿಲ್ಲ, ನಿನಗೆ ಪರದೆಯೂ ಬೇಕಾಗುತ್ತಿರಲಿಲ್ಲ.

ಅಕ್ಕಿಕಾಳು ಹಾಕಗೊಡದ ಮನೆಯಲ್ಲಿ ಏನಾಗುತ್ತದೆ ಎಂಬುದು ನನಗೆ ಗೊತ್ತು. ಇದಕ್ಕಿಂತ ಹೆಚ್ಚಿಗೆ ಬರೆಯುವುದಿಲ್ಲ.

ನಿಮ್ಮವ್ವ ಪತ್ರ ಓದಿಸಿಕೊಂಡು ಕೇಳಿದಳು. ಏನೂ ಅನ್ನಲಿಲ್ಲ.

ಮಹಾದೇವಪ್ಪ


ಕಮಲಾಪುರ
22 ಸೆಪ್ಟೆಂಬರ್ 1988

ಅಪ್ಪಾ,

ಬರೆಯುವುದಿಲ್ಲ ಎಂದು ಬರೆದರೆ ಬರೆದ ಹಾಗೆಯೇ. ಎರಡು ವರ್ಷದಿಂದ ನೀನು ಹೀಗೆಯೇ ಚುಚ್ಚುತ್ತಿ, ಪೂರ್ತಿ ಮಾತೂ ಆಡುವುದಿಲ್ಲ. ಇವತ್ತು ನಾನೇ ಆಡಿಬಿಡುತ್ತೇನೆ, ಸಾಕಾಗಿ ಹೋಗಿದೆ ನನಗೆ.

ತಂಗಿ ಬಂಡೆಮ್ಮ ಕಾಮಾಲೆಯಾಗಿ ಹೋದ ದಿನ ನೀನು ಹಳ್ಳದ ದಂಡೆಯಿಂದ ಎಕ್ಕೆ ಟೊಂಗೆ ಮುರಿದುಕೊಂಡು ಬಂದಿ. ನಾನು ನಿನ್ನ ಕೈಯಿಂದ ಕಸಿದು ಅಂಗಳದಾಚೆ ಒಗೆದೆ. ಹೌದು, ಒಗೆದೆ. ಬುದ್ಧವಿಹಾರದ ಭಂತೇಜಿ ಬಂದು ಬುದ್ಧವಂದನೆ ಹೇಳಿದರು, ಮಣ್ಣು ಕೊಟ್ಟೆವು. ಹದಿನಾರರ ಕೂಸು. ಬೀದರಿನ ಸಂಬಂಧ ಬಂದಾಗ "ನಂಗ ಲಗ್ನ ಬ್ಯಾಡ, ನಾ ಸಾಲಿ ಕಲೀತೀನಿ" ಎಂದು ನಿನ್ನ ಕಾಲು ಹಿಡಿದು ಅತ್ತವಳು. ಜೀವ ಇದ್ದಾಗ ಬೇಡ ಎಂದವಳಿಗೆ ಜೀವ ಹೋದ ಮೇಲೆ ಗಿಡದ ಜೊತೆ ತಾಳಿ ಕಟ್ಟುತ್ತಿಯಾ? ಅದು ನನ್ನಿಂದ ನೋಡಲಾಗುತ್ತಿರಲಿಲ್ಲ. ಇವತ್ತಿಗೂ ನಾನು ಮಾಡಿದ್ದು ಸರಿ. ನಾಳೆಯೂ ಇದನ್ನೇ ಹೇಳುತ್ತೇನೆ.

ಈ ಆಟ ಯಾಕೆ ಹಿಡಿದೆ ಎಂದು ನೀನು ಕೇಳಲಿಲ್ಲ, ಗಂಡು ಬರುವುದಿಲ್ಲ ಎಂದಷ್ಟೇ ಬರೆದಿ. ಅಕ್ಬರಿ ಬೇಗಂ ಮನೆಯಲ್ಲಿ ಆ ಬಿಳಿ ಹುಡುಗಿಯರು ಸಾಲುಸಾಲಾಗಿ ಬಂದಾಗ ನನಗೆ ಹೆದರಿಕೆ ಆಗಲಿಲ್ಲ. ನಮ್ಮ ಬಂಡಿ ನೆನಪಾದಳು. ರೇಡಿಯೋದಲ್ಲಿ ಏನು ಬಂದರೂ, ಕಾಳುಕಡಿಯ ಬಾಜಾರ ಭಾವ ಬಂದರೂ, ಕಸಬರಿಗೆ ಹಿಡಿದುಕೊಂಡು ಕುಣಿಯುತ್ತಿದ್ದಳಲ್ಲ. ಅಲ್ಲಿಯೇ ಗೋಳೋ ಎಂದು ಅತ್ತುಬಿಟ್ಟೆ. ಬೇಗಂ ಪಾಪ, "ಕ್ಯಾ ಹುವಾ ಟೀಚರ್?" ಎಂದು ಟೀವಿಯನ್ನೇ ಬಂದ್ ಮಾಡಿದಳು. ಮಿಕ್ಕಿದ್ದನ್ನು ನೋಡಲು ಮತ್ತೆ ಹಚ್ಚಿಸಬೇಕಾಯಿತು.

ನನಗೆ ನನ್ನ ತಂಗಿಯನ್ನು ಒಂದು ಸಂಜೆ ನೋಡಬೇಕಾಗಿದೆ. ನಿನಗೆ ಅದು ದೆವ್ವದ ಆಟ. ಹುಲಿ ಇರುವ ಪರದೆ ನೀನೇ ಇಟ್ಟುಕೋ.

ಶಿವಕಾಂತಮ್ಮ


ಕಲಬುರ್ಗಿ
9 ನವೆಂಬರ್ 1988

ಅಳತೆ ಕಳಿಸು. ಹುಲಿ ಇರುವುದಿಲ್ಲ.

ಮ.


ಕಮಲಾಪುರ
16 ನವೆಂಬರ್ 1988

ಅಪ್ಪಾ, ಜೈಭೀಮ್.

ನಿನ್ನ ಕಾರ್ಡು ಬಂದ ದಿನ ಹುಡುಗಿಯರಿಗೆ ಯಾರಿಗೂ ಬೈಯಲಿಲ್ಲ. ಅವರಿಗೇ ಗಾಬರಿಯಾಯಿತು.

ನಮ್ಮ ರಂಗಮಂಟಪ ಕಲ್ಲಿನ ಕಟ್ಟೆ. ಅಗಲ ಇಪ್ಪತ್ತೆರಡು ಅಡಿ, ಎತ್ತರ ಹನ್ನೆರಡು. ಪುಸ್ತಕದ ಚಿತ್ರ ನೋಡಿ ಪೆನ್ಸಿಲಿನಲ್ಲಿ ತೆಗೆದ ನಕ್ಷೆ ಇದರ ಜೊತೆ ಇದೆ. ಚಂದ್ರ ಮರಗಳ ಹಿಂದೆ, ಅರ್ಧ ಮರೆಯಲ್ಲಿ. ನಿನ್ನ ಕಂಪನಿ ಪರದೆಯ ಹಾಗೆ ನಡುವಿನಲ್ಲಿ ತಾಟಿನಷ್ಟು ದೊಡ್ಡ ಚಂದ್ರ ಬೇಡ. ನವಿಲು ಬೇಡ. ಗೋರಿಗೆ ಅವರಲ್ಲಿ ಶಿಲುಬೆ ಇರುತ್ತದೆ, ನಮಗೆ ಬರೀ ಒಂದು ಕಲ್ಲು ಸಾಕು.

ಪರದೆಯ ಮುಂದೆ ಅವರು ತೆಳು ಬಲೆಬಟ್ಟೆ ಇಳಿಬಿಡುತ್ತಿದ್ದರು. ಮುಂದಿನಿಂದ ದೀಪ ಬಿಟ್ಟರೆ ಅದು ಗೋಡೆಯ ಹಾಗೆ ಕಾಣುತ್ತದೆ. ಮುಂದಿನ ದೀಪ ಆರಿಸಿ ಹಿಂದಿನದು ಹಚ್ಚಿದರೆ ಗೋಡೆ ಕರಗಿ ಹಿಂದಿದ್ದ ಹುಡುಗಿಯರು ಕಾಣುತ್ತಾರೆ. ನಾವು ಸೊಳ್ಳೆಪರದೆಗಳನ್ನು ಜೋಡಿಸಿ ಹೊಲಿಯುತ್ತಿದ್ದೇವೆ. ಹುಡುಗಿಯರ ಲಂಗವೂ ಅದರದೇ. ಅಕ್ಬರಿ ಬೇಗಂ ಮಷಿನ್ನಿನ ಮುಂದೆ ಕೂತು "ಇಷ್ಟು ಚಂದದ ಮಚ್ಛರದಾನಿ ಕತ್ತರಸ್ಲಿಕ್ಕಿ ಕೈ ಬರವಲ್ದು" ಎಂದು ಗೊಣಗುತ್ತಲೇ ಕತ್ತರಿಸುತ್ತಾಳೆ.

ಇನ್ನೊಂದು. ಮೊಟ್ಟಮೊದಲು ಪ್ಯಾರಿಸ್ಸಿನಲ್ಲಿ ಆಡಿದಾಗ ಹುಡುಗಿ ಕೊನೆಗೆ ಗೋರಿಗೆ ಮರಳುವುದಿಲ್ಲ. ಹುಡುಗ ಆಕೆಯನ್ನು ಎತ್ತಿ ಒಂದು ಹೂವಿನ ದಿಬ್ಬದ ಮೇಲೆ ಮಲಗಿಸುತ್ತಾನೆ, ಆಕೆ ಮೆಲ್ಲಗೆ ಹೂಗಳೊಳಗೆ ಇಳಿದುಹೋಗುತ್ತಾಳೆ. ಆಮೇಲಿನವರು ದಿಬ್ಬ ಬಿಟ್ಟು ಗೋರಿಯನ್ನೇ ಉಳಿಸಿಕೊಂಡರು. ನನಗೆ ದಿಬ್ಬವೇ ಬೇಕು. ರಟ್ಟಿನಲ್ಲಿ ನಾವೇ ಮಾಡುತ್ತೇವೆ. ಅದಕ್ಕಾಗಿ ಪರದೆಯ ಎಡಮೂಲೆ ಖಾಲಿ ಬಿಡು. ಖಾಲಿ ಎಂದರೆ ಖಾಲಿ, ಬರೀ ಕತ್ತಲೆಯ ಬಣ್ಣ.

ರಷ್ಯಾದ ಚಿತ್ರಗಾರರು ಬಟ್ಟೆಯನ್ನು ಗೋಡೆಗೆ ತೂಗುಹಾಕುವುದಿಲ್ಲವಂತೆ. ನೆಲಕ್ಕೆ ಹಾಸಿ, ಉದ್ದ ಕೋಲಿನ ಕುಂಚದಿಂದ ನಿಂತೇ ಬರೆಯುತ್ತಾರೆ. ನಿನ್ನ ಮೊಣಕಾಲಿಗೆ ಏಣಿ ಹತ್ತುವುದು ಬೇಡ ಎಂದು ಬರೆದೆ.

ಇಲ್ಲಿಯ ಗೋಳು ಕೇಳಬೇಡ. ಹೆಡ್‌ಮಿಸ್ಟ್ರೆಸ್ ಜಾನಕೀಬಾಯಿ "ದೆವ್ವ ಅನಬ್ಯಾಡ್ರಿ, ವನಕನ್ಯೆ ಅನ್ರಿ, ಊರಾಗ ಮಾತಾಡ್ತಾರ" ಎನ್ನುತ್ತಾರೆ. ಹುಡುಗನ ಪಾತ್ರದವಳ ಮೀಸೆ ನಿಲ್ಲುವುದಿಲ್ಲ. ನಾಯಕಿ ಮಾಣಿಕಮ್ಮನ ಅಜ್ಜಿ ಗುಂಡಮ್ಮ ದಿನಾ ತಾಲೀಮಿಗೆ ಬಂದು ಕೂತು "ನಮ್ಮ ಕೂಸು ಯಾವಾಗ ಸಾಯ್ತದ ಹೇಳ್ರಿ, ಆವಾಗ ನಾ ಹೊರಗ ಹೋಗ್ತೀನಿ" ಎಂದು ಕೇಳುತ್ತಾಳೆ. ಹಾರ್ಮೋನಿಯಂ ಮಾಸ್ತರ ಅಣವೀರಪ್ಪನವರ ಕೈಯಲ್ಲಿ ಎಂಥ ವಿದೇಶಿ ಧಾಟಿಯೂ ಎರಡು ನಿಮಿಷಕ್ಕೆ ಭಜನೆಯಾಗುತ್ತದೆ. ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಶಿವಕಾಂತಮ್ಮ


ಕಲಬುರ್ಗಿ
11 ಡಿಸೆಂಬರ್ 1988

ಚಿ. ಶಿವಕಾಂತಳಿಗೆ ಆಶೀರ್ವಾದ.

ನಿನ್ನ ರಷ್ಯಾದವರ ಮನೆ ಹಾಳಾಗಲಿ. ಇಪ್ಪತ್ತೆರಡು ಅಡಿ ಬಟ್ಟೆ ನೆಲಕ್ಕೆ ಹಾಸಬೇಕಾದರೆ ಅಷ್ಟು ನೆಲ ಬೇಕೋ ಬೇಡವೋ? ಕಪನೂರದಲ್ಲಿ ಪರಿಚಯದವರ ದಾಲ್ ಮಿಲ್ಲಿನ ಗೋದಾಮು ಕೇಳಿಕೊಂಡು ಹಾಸಿದೆ. ಬಿದಿರಿಗೆ ಕುಂಚ ಕಟ್ಟಿಕೊಂಡು ನಡೆದಾಡುತ್ತ ಬರೆದರೆ, ನೋಡಿದವರು "ಮಹಾದೇವಪ್ಪ ಕಸಾ ಹೊಡೀಲಿಕತ್ತಾನ" ಎಂದು ನಗುತ್ತಾರೆ. ಗೋಡೆಯ ಮೇಲಿನ ಆಕಾಶವನ್ನು ತಲೆಯೆತ್ತಿ ಬರೆದವನು ನಾನು. ಈಗ ನಾನು ಮಾಡಿದ ಆಕಾಶವನ್ನು ನಾನೇ ತುಳಿಯುತ್ತ ತಿರುಗುತ್ತೇನೆ. ಮೇಲಿಂದ ತೊಗರಿ ಹೊಟ್ಟಿನ ಧೂಳು ಬಿದ್ದು ನಿನ್ನ ಬೆಳದಿಂಗಳು ಹಳದಿಯಾಗಿದೆ. ತೆಗೆಯಲು ಬರುವುದಿಲ್ಲ. ಹಾಗೆಯೇ ಚಂದ ಇದೆ, ಸುಮ್ಮನಿರು.

ಮೊಣಕಾಲು ನೋಯಲಿಲ್ಲ, ಅದು ಬೇರೆ ಮಾತು.

ಸೊಳ್ಳೆಪರದೆಯ ಆಟ ಸುಳ್ಳಿರಬೇಕೆಂದು ಮನೆಯಲ್ಲಿ ಮಾಡಿ ನೋಡಿದೆ. ನಿಮ್ಮವ್ವನನ್ನು ಬಲೆಯ ಹಿಂದೆ ಕೂಡಿಸಿ ಮುಂದಿನಿಂದ ಬಲ್ಬು ಹಿಡಿದೆ, ಕಾಣಲಿಲ್ಲ. ಹಿಂದೆ ಹಚ್ಚಿದೆ, ರೊಟ್ಟಿ ತಟ್ಟುವವಳು ಹಾಗೇ ಎದ್ದು ಕಂಡಳು. ಆಕೆಯೇ ಎದ್ದು ಬಂದು, ನನ್ನನ್ನು ಹಿಂದೆ ಕೂಡಿಸಿ, ತಾನು ಬಲ್ಬು ಹಚ್ಚಿ ಆರಿಸಿ, ಹಚ್ಚಿ ಆರಿಸಿ ಭಾಳ ಹೊತ್ತು ನೋಡಿದಳು. ರೊಟ್ಟಿ ಸುಟ್ಟಿತು. ಏನೂ ಅನ್ನಲಿಲ್ಲ.

ಒಂದು ಕರಾರಿದೆ. ನಿಮ್ಮೂರಲ್ಲಿ ಕರೆಂಟು ಹೋಗುತ್ತದೆ, ನೀವು ಪೆಟ್ರೋಮ್ಯಾಕ್ಸ್ ಇಡುತ್ತೀರಿ, ಮಕ್ಕಳು ಬಲೆಯ ಲಂಗದಲ್ಲಿ ಅದರ ಹತ್ತಿರ ಗಿರಕಿ ಹೊಡೆಯುತ್ತಾರೆ. ಆ ಕಾಲದಲ್ಲಿ ಗ್ಯಾಸ್ ದೀಪ ತಾಗಿ ಕುಣಿಯುವ ಹೆಣ್ಣುಮಕ್ಕಳು ಸುಟ್ಟು ಸತ್ತದ್ದನ್ನು ಹಿಂದೆ ಯಾವಾಗಲೋ ನೀನೇ ಓದಿ ಹೇಳಿದ್ದಿ. ನೀರು ತಿಳಿಯಾಗಲು ಹಾಕುವ ಪಟಿಕದಲ್ಲಿ ಲಂಗ ಅದ್ದಿದರೆ ಬೇಗ ಹೊತ್ತುವುದಿಲ್ಲ, ಆದರೆ ಬಟ್ಟೆ ಮಂಕಾಗುತ್ತದೆಂದು ಅವರು ಅದ್ದಗೊಡುತ್ತಿರಲಿಲ್ಲ ಎಂದೂ ಹೇಳಿದ್ದಿ. ಮಂಕಾದರೆ ಆಗಲಿ. ಎಲ್ಲ ಲಂಗ ಅದ್ದು. ಅದ್ದಿದೆ ಎಂದು ಬರೆಯುವ ತನಕ ಪರದೆ ಇಲ್ಲಿಂದ ಹೊರಡುವುದಿಲ್ಲ. ಒಬ್ಬಳನ್ನು ಕಳಕೊಂಡದ್ದು ಸಾಕು.

ಎಡಮೂಲೆ ಖಾಲಿ ಬಿಡು ಎಂದಿದ್ದಿ. ಕಂಪನಿಯಲ್ಲಿ ಮೂಲೆ ಖಾಲಿ ಬಿಟ್ಟರೆ ನಮ್ಮ ಮೇಸ್ತ್ರಿ ಕುಂಚದಿಂದಲೇ ಹೊಡೆಯುತ್ತಿದ್ದ. ನೋಡುತ್ತೇನೆ.

ಮಹಾದೇವಪ್ಪ


ಕಮಲಾಪುರ
8 ಜನವರಿ 1989

ಅಪ್ಪಾ,

ಲಂಗ ಅದ್ದಿದೆ ಎಂದು ಬರೆದೆ, ಪರದೆ ಬಂತು. ಬಾಳೆಗೊನೆ ಇಳಿಸಿ ವಾಪಸು ಬರುವ ಲಾಲ್ ಅಹ್ಮದ ತನ್ನ ಟೆಂಪೋದಲ್ಲಿ, ಬಾಳೆ ಎಲೆಯ ಮೇಲೆ ಮಲಗಿಸಿಕೊಂಡು ತಂದ. "ಮಡಚಬ್ಯಾಡ, ಸುತ್ತಿಡು ಅಂತ ನಿಮ್ಮಪ್ಪ ನೂರು ಸಲ ಹೇಳ್ಯಾರ" ಎಂದು ಅವನೂ ನೂರು ಸಲ ಹೇಳಿದ.

ಶಾಲೆಯ ಅಂಗಳದಲ್ಲಿ ಬಿಚ್ಚಿದೆವು. ಅಂಥ ಕಾಡನ್ನು ನೀನು ಜೀವಮಾನದಲ್ಲಿ ಬರೆದಿಲ್ಲ. ಚಂದ್ರ ಹೇಳಿದಲ್ಲೇ ಇದ್ದಾನೆ. ನವಿಲಿಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ ಜಾನಕೀಬಾಯಿಯವರ ಕೈ ಹಿಡಿದುಕೊಂಡೆ.

ಆಮೇಲೆ ಎಡಮೂಲೆ ಬಿಚ್ಚಿತು.

ಯಾಕಪ್ಪಾ? ಯಾಕೆ? ಖಾಲಿ ಎಂದರೆ ಖಾಲಿ ಎಂದು ಬರೆದಿದ್ದೆನಲ್ಲ! ಎದೆಯೆತ್ತರದ ಎಕ್ಕೆ ಗಿಡ. ಬೂದಿ ಬಣ್ಣದ ಎಲೆ, ಗೊಂಚಲು ಹೂವು, ಒಂದೊಂದು ಹೂವಿಗೂ ಐದೈದು ಎಸಳು. ಇಷ್ಟು ಮನಸ್ಸಿಟ್ಟು ನೀನು ರಾಜನ ಕಿರೀಟವನ್ನೂ ಬರೆದವನಲ್ಲ. ಸರಿಯಾಗಿ ಮಾಣಿಕಮ್ಮ ಕೊನೆಗೆ ಇಳಿದುಹೋಗುವ ದಿಬ್ಬದ ಹಿಂದೆಯೇ. ಎರಡು ವರ್ಷದ ಹಿಂದೆ ನಿನ್ನ ಕೈಯಿಂದ ಕಸಿದು ಒಗೆದದ್ದನ್ನು ಇಪ್ಪತ್ತೆರಡು ಅಡಿ ಬಟ್ಟೆಯ ಮೇಲೆ ಕಟ್ಟಿ ನನ್ನ ಶಾಲೆಗೇ ಕಳಿಸಿದಿ. ನಿನ್ನ ಹಟಕ್ಕೆ ಏನೆನ್ನಲಿ?

ಒರೆಸಲು ಹೋದರೆ ಕಾಡೂ ಹೋಗುತ್ತದೆ. ಅದಕ್ಕೇ ರಟ್ಟಿನ ಪೊದೆಯೊಂದನ್ನು ಕತ್ತರಿಸಿ ಹಸಿರು ಬಳಿದಿದ್ದೇನೆ. ಗಿಡದ ಮುಂದೆ ಅದನ್ನು ನಿಲ್ಲಿಸುತ್ತೇನೆ. ಯಾರಿಗೂ ಕಾಣುವುದಿಲ್ಲ.

21ಕ್ಕೆ ಆಟ. ಬರುವುದಿದ್ದರೆ ಬಾ, ಅವ್ವನನ್ನೂ ಕರೆದುಕೊಂಡು ಬಾ.

ಶಿವಕಾಂತಮ್ಮ


ಕಲಬುರ್ಗಿ
13 ಜನವರಿ 1989

ಮುಚ್ಚು. ನಿನ್ನ ಆಟ, ನಿನ್ನ ರಟ್ಟು. ನಾನು ಬರುವುದಿಲ್ಲ, ಸಂಕ್ರಾಂತಿ ಮುಗಿದ ಮೇಲೆ ಬೋರ್ಡಿನ ಕೆಲಸ ಜಾಸ್ತಿ ಇದೆ.

ನಿಮ್ಮವ್ವನಿಗೆ ಓದಿ ಹೇಳಿದೆ. ಏನೂ ಅನ್ನಲಿಲ್ಲ.

ಮ.


ಕಮಲಾಪುರ
23 ಜನವರಿ 1989

ಅಪ್ಪಾ,

ಆಟ ಮುಗಿಯಿತು. ನಿನ್ನ ಮೇಲೆ, ಈ ಊರಿನ ಮೇಲೆ, ನನ್ನ ಮೇಲೆ ಸಿಟ್ಟು ಬಂದು ಎರಡು ದಿನದಿಂದ ಸರಿಯಾಗಿ ಉಂಡಿಲ್ಲ.

ಮೊದಲಂಕದಲ್ಲೇ ಹುಡುಗನ ಮೀಸೆ ಬಿತ್ತು. ಅವಳು ಅದನ್ನು ಎತ್ತಿ ಜೇಬಿಗೆ ಹಾಕಿಕೊಂಡು ಪ್ರೀತಿ ಮುಂದುವರಿಸಿದಳು. ಮಾಣಿಕಮ್ಮ ಸತ್ತಾಗ ಗುಂಡಮ್ಮ ಹೊರಗೆ ಹೋಗಲಿಲ್ಲ, ಕೂತಲ್ಲೇ ಎದೆ ಬಡಿದುಕೊಂಡು ಅತ್ತಳು. ಎರಡನೆಯ ಅಂಕಕ್ಕೆ ಮುಂದಿನ ದೀಪ ಆರಿಸಿ ಹಿಂದಿನದು ಹಚ್ಚಿದೆವು. ಗೋಡೆ ಕರಗಿತು ಅಪ್ಪಾ. ನಿನ್ನ ಹಳದಿ ಬೆಳದಿಂಗಳಲ್ಲಿ ಹುಡುಗಿಯರು ಸಾಲಾಗಿ ನಿಂತಿದ್ದರು. ಪಟಿಕದಲ್ಲಿ ಅದ್ದಿದ ಲಂಗ ಮಂಕಾಗಿರಲಿ, ನೆಟ್ಟಗೆ ನಿಂತಿತ್ತು. ಶೇಂಗಾ ಒಡೆಯುವವರೂ ಕೈ ನಿಲ್ಲಿಸಿದರು. ನಾನು ಸಾಲಿನಲ್ಲಿ ಹುಡುಕಿದೆ. ಯಾರನ್ನು ಎಂದು ನಿನಗೆ ಗೊತ್ತು.

ನಡುವೆ ಕರೆಂಟು ಹೋಯಿತು. ಪೆಟ್ರೋಮ್ಯಾಕ್ಸ್ ತಂದಿಟ್ಟರು. ಒಬ್ಬಳ ಲಂಗ ಅದಕ್ಕೆ ಸವರಿಕೊಂಡೇ ಹೋಯಿತು. ಅಂಚು ಕಪ್ಪಾಯಿತು, ಅಷ್ಟೇ. ಇದೊಂದರಲ್ಲಿ ನೀನು ಹೇಳಿದ್ದೇ ಸರಿ, ಒಪ್ಪುತ್ತೇನೆ.

ಕೊನೆಗೆ ಬೆಳಗಾಗುವ ಗಂಟೆ ಹೊಡೆದರು. ಬಿಳಿ ಹುಡುಗಿಯರು ಹಿಂದೆ ಸರಿದರು. ಆ ತನಕ ಎಡಮೂಲೆಗೆ ದೀಪವಿರಲಿಲ್ಲ; ಈಗ ದೀಪ ಅತ್ತ ತಿರುಗುವ ಮೊದಲು ನಾನು ರಟ್ಟಿನ ಪೊದೆಯನ್ನು ಎಕ್ಕೆ ಗಿಡದ ಮುಂದೆ ನಿಲ್ಲಿಸಬೇಕು. ಪೊದೆ ಹಿಡಿದುಕೊಂಡು ಪಕ್ಕದಲ್ಲೇ ಇದ್ದೆ. ನಿಲ್ಲಿಸಲಿಲ್ಲ. ನಂಬಿಕೆ ಬಂತೆಂದು ತಿಳಿಯಬೇಡ, ನಾನು ನಂಬುವುದಿಲ್ಲ, ಈಗಲೂ ಇಲ್ಲ. ಆದರೆ ಮಾಣಿಕಮ್ಮ ದಿಬ್ಬದ ಮೇಲೆ ಕೂತು ಆ ಗಿಡದ ಕಡೆ ಕೊರಳು ವಾಲಿಸಿದಳು, ಹೂವು ಅವಳ ತಲೆಯ ಮೇಲೇ ಬಂತು, ನನ್ನ ಕೈ ಏಳಲಿಲ್ಲ.

ಅಷ್ಟೇ ತಡ. ಗುಂಡಮ್ಮ ಎದ್ದು ನಿಂತು ಕೂಗಿದಳು: "ಎಕ್ಕಿ ಗಿಡ ಅದ ನೋಡ್ರೇ! ನಮ್ಮ ಕೂಸಿಂದು ಲಗ್ನ ಆತು, ಇನ್ನ ಅಳಬ್ಯಾಡ್ರಿ!" ಕತ್ತಲೆಯಲ್ಲಿ ಹಿಂದಿನಿಂದ ಯಾರೋ ಒಂದು ಮುಷ್ಟಿ ಕಾಳು ತೂರಿದರು. ತಗೋ, ಇಡೀ ಮಂದಿ ಎದ್ದರು. ಕೈಯಲ್ಲಿದ್ದ ಚುರುಮುರಿಯನ್ನೆಲ್ಲ ರಂಗದ ಮೇಲೆ ಅಕ್ಕಿಕಾಳು ಹಾಕಿದ ಹಾಗೆ ಹಾಕಿದರು. ಅಣವೀರಪ್ಪ ಮಾಸ್ತರರು ಕೂಡಲೇ ಆರತಿ ಧಾಟಿ ಹಿಡಿದರು. ಮೀಸೆ ಇಲ್ಲದ ಹುಡುಗ ಏನು ಮಾಡಬೇಕೆಂದು ತಿಳಿಯದೆ ಎಲ್ಲರಿಗೂ ಕೈ ಮುಗಿದ. ನೂರೈವತ್ತು ವರ್ಷ ಪ್ಯಾರಿಸ್ಸಿನವರನ್ನೂ ರಷ್ಯಾದವರನ್ನೂ ಅಳಿಸಿದ ಆಟವನ್ನು ಕಮಲಾಪುರದವರು ಲಗ್ನ ಮಾಡಿ ಮುಗಿಸಿದರು. ಜಾನಕೀಬಾಯಿ "ಭಾಳ ಮಂಗಳಕರ ಆತು ನೋಡ್ರಿ" ಎಂದು ನನ್ನ ಬೆನ್ನು ತಟ್ಟಿದರು.

ಮರುದಿನ ಹುಡುಗಿಯರ ಜೊತೆ ಕಟ್ಟೆ ಗುಡಿಸಿದೆ. ಚುರುಮುರಿ ಇತ್ತು, ಶೇಂಗಾ ಸಿಪ್ಪೆ ಇತ್ತು. ಅದರ ನಡುವೆ, ನಮ್ಮ ಲಗ್ನದಲ್ಲಿ ಅಕ್ಕಿಕಾಳೆಂದು ಹಾಕುವ, ಅರಿಶಿಣ ಹಚ್ಚಿದ ಜೋಳದ ಕಾಳೂ ಇದ್ದವು. ಶಾಲೆಯ ಗ್ಯಾದರಿಂಗಿಗೆ ಅರಿಶಿಣದ ಕಾಳು ಕಟ್ಟಿಕೊಂಡು ಯಾರು ಬರುತ್ತಾರೆ?

ಬೋರ್ಡಿನ ಕೆಲಸ ಜಾಸ್ತಿ ಇತ್ತಲ್ಲ ನಿನಗೆ. ನಿಜ ಹೇಳು. ನೀನೇ ಅಲ್ಲವೇ?

ಶಿವಕಾಂತಮ್ಮ


ಕಲಬುರ್ಗಿ
30 ಜನವರಿ 1989

ಚಿ. ಶಿವಕಾಂತಳಿಗೆ ತಂದೆಯ ಆಶೀರ್ವಾದ.

ಬಂದಿದ್ದೆ. ಸಂಜೆಯ ಬಸ್ಸಿಗೆ ಬಂದು ಹಿಂದೆ ಬೇವಿನ ಗಿಡದ ಕೆಳಗೆ ನಿಂತಿದ್ದೆ. ನನ್ನ ಪರದೆ ಹೇಗೆ ಕಟ್ಟಿದ್ದೀರೆಂದು ನೋಡಬೇಕಾಗಿತ್ತು. ಬಲಕ್ಕೆ ಒಂದು ಗೇಣು ಜೋತುಬಿದ್ದಿತ್ತು, ಯಾರು ಕಟ್ಟಿದ್ದು ಅದನ್ನು?

ಆದರೆ ಕಾಳು ನಾನು ಹಾಕಲಿಲ್ಲ.

ನಿಮ್ಮವ್ವ ಹಾಕಿದಳು. ಬರುವುದಿಲ್ಲ ಎಂದು ನಿನಗೆ ಬರೆದ ಮೇಲೆ ನಾನು ನಿಜವಾಗಿಯೂ ಬರುವವನಲ್ಲ. 21ರ ಮುಂಜಾನೆ ಆಕೆ ಇಳಕಲ್ ಸೀರೆ ಉಟ್ಟು ಬಾಗಿಲಲ್ಲಿ ಕೂತಳು. ಸೆರಗಿನ ತುದಿಯಲ್ಲಿ ಗಂಟು ಇತ್ತು. ಬಿಚ್ಚಿಸಿ ನೋಡಿದರೆ ಅರಿಶಿಣ ಹಚ್ಚಿದ ಜೋಳ. ಮನೆಯಲ್ಲಿ ಹೇಳಿದೆ, ಬಸ್ ಸ್ಟ್ಯಾಂಡಿನಲ್ಲಿ ಹೇಳಿದೆ, ನಿಮ್ಮ ಶಾಲೆಯ ಗೇಟಿನಲ್ಲಿ ಮತ್ತೆ ಹೇಳಿದೆ: "ಏ, ಮಗಳಿಗಿ ಸಿಟ್ಟು ಬರ್ತದ, ಅದು ಆಟ, ಕಾಳು ಹಾಕಬ್ಯಾಡ." ನನ್ನ ಮಾತು ಈ ಮನೆಯಲ್ಲಿ ಯಾರು ಕೇಳುತ್ತಾರೆ? ನೀನು ಕೇಳುವುದಿಲ್ಲ, ನಿನ್ನನ್ನು ಹೆತ್ತವಳೂ ಕೇಳುವುದಿಲ್ಲ.

ಇನ್ನೊಂದು ಮಾತೂ ಬರೆದುಬಿಡುತ್ತೇನೆ. ನಾನು ಎಡಮೂಲೆ ಖಾಲಿಯೇ ಬಿಟ್ಟಿದ್ದೆ. ಮೇಸ್ತ್ರಿಯ ಮಾತೆಲ್ಲ ನಿನಗೆ ಬರೆದೆ ಖರೆ, ಆದರೂ ನಿನ್ನ ಸಿಟ್ಟಿಗೆ ಅಂಜಿ ಕತ್ತಲೆ ಬಣ್ಣ ಬಳಿದು ಮುಗಿಸಿದ್ದೆ. ಗೋದಾಮಿಗೆ ರೊಟ್ಟಿಗಂಟು ತಂದ ನಿಮ್ಮವ್ವ ಪರದೆಯ ಸುತ್ತ ಒಂದು ಸುತ್ತು ಬಂದು, ಆ ಮೂಲೆಯ ಹತ್ತಿರ ಕೂತುಬಿಟ್ಟಳು. ಬೆರಳು ತೋರಿಸಿ "ಇಲ್ಲಿ" ಎಂದಳು. ಅಷ್ಟೇ. ನಾನು ಬರೆಯುವ ತನಕ ಏಳಲಿಲ್ಲ, ರೊಟ್ಟಿಯನ್ನೂ ಬಿಚ್ಚಲಿಲ್ಲ. ಹೂವಿಗೆ ನಾಲ್ಕು ಎಸಳು ಹಾಕಿದ್ದೆ, ಐದು ಮಾಡಿಸಿದಳು.

ವಾಪಸು ಬರುವ ಬಸ್ಸಿನಲ್ಲಿ ನಾನು ಬೈದೆ. ಕಾಳು ಯಾಕೆ ಹಾಕಿದಿ ಎಂದು ಕೇಳಿದೆ. "ಊರಾಗಿನ ಎಲ್ಲಾರ ಮಕ್ಕಳಿಗೂ ಹಾಕೀನಿ, ನನ್ನ ಕೂಸಿಗಿ ಒಂದು ಮುಷ್ಟಿ ಹಾಕಬಾರದೇನ್ರಿ?" ಎಂದಳು.

ಮಹಾಗಾಂವ ದಾಟಿತು. ಲಗ್ನವಾಯಿತಲ್ಲ, ಇನ್ನಾದರೂ ನಿನ್ನ ಜೀವ ತಣ್ಣಗಾಯಿತೇ ಎಂದು ಕೇಳಿದೆ. ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. "ಲಗ್ನದ್ದು ನಂಗೇನು ಗೊತ್ತಿಲ್ಲರೀ. ಮಣ್ಣು ಕೊಟ್ಟ ದಿನದಿಂದ ನಂಗ ಅದು ಒಂದೇ ಚಿಂತಿ ಆಗಿತ್ತು, ಬಂಡಿ ಅಲ್ಲಿ ಒಬ್ಬಾಕಿನೇ ಇರ್ತಾಳಲ್ಲ ಅಂತ. ಇವತ್ತ ನೋಡಿದೆನಲ್ಲ. ಗೆಳತೇರು ಭಾಳ ಮಂದಿ ಅದಾರ ಬಿಡ್ರಿ ಆಕಿಗಿ" ಎಂದಳು.

ಕೇಳಿದೆಯಾ? ಎರಡು ವರ್ಷ ನಾವಿಬ್ಬರು ಎಕ್ಕೆ ಎಂದು ಒಬ್ಬರು, ಬೇಡ ಎಂದು ಒಬ್ಬರು ಬಡಿದಾಡಿದೆವು. ಆಕೆಗೆ ಬೇಕಾಗಿದ್ದದ್ದು ಏನು ಎಂದು ನೀನೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಆಕೆ ಏನೂ ಅನ್ನಲಿಲ್ಲ ಎಂದು ಪ್ರತಿ ಪತ್ರದಲ್ಲೂ ಬರೆದವನು ನಾನೇ.

ಪರದೆ ವಾಪಸು ಕಳಿಸಬೇಡ. ಮುಂದಿನ ವರ್ಷವೂ ಆ ಹುಡುಗಿಯರನ್ನು ಕುಣಿಸು, ನಿಮ್ಮವ್ವ ಬರುತ್ತಾಳಂತೆ. ಎಲ್ಲಾದರೂ ಮಡಚಿ ಇಟ್ಟೀಯ ಜೋಕೆ, ಗಿಡದ ಮೇಲೆ ಗೆರೆ ಬೀಳುತ್ತದೆ. ಸುತ್ತಿಡು.

ನಿನ್ನ ತಂದೆ,
ಮಹಾದೇವಪ್ಪ